ಮೀನುತೊಟ್ಟಿಯ ನೀರು ಹದಗೊಳ್ಳದಿದ್ದರೆ

ಹಾಲಿಗೆ ಹೆಪ್ಪು ಹಾಕಿ ಮಲಗಿದ ಗೃಹಿಣಿಯು ಬೆಳಗ್ಗೆ ಎದ್ದು ನೋಡುವಾಗ ಹಾಲು ಹಾಲಾಗಿಯೇ ಉಳಿದಿದ್ದರೆ, ಅವಳು ಒಡನೆಯೇ ಅದನ್ನು ಚೆಲ್ಲಿಬಿಡುವುದಿಲ್ಲ. ಹೆಪ್ಪು ಹಳತಾಗಿದ್ದಿತೆ, ಹಾಲು ಆರುವುದಕ್ಕೆ ಮುಂಚೆಯೇ ಹೆಪ್ಪು ಬಿದ್ದಿತೆ, ರಾತ್ರಿಯ ಚಳಿ ಹೆಚ್ಚಾಯಿತೆ ಎಂದು ಒಂದೊಂದಾಗಿ ವಿಚಾರಿಸಿ ಕಾರಣವನ್ನು ಕಂಡುಕೊಳ್ಳುತ್ತಾಳೆ. ಗಾಜಿನ ತೊಟ್ಟಿಯಲ್ಲಿ ಮೀನು ಸಾಕಬೇಕೆಂದಿರುವ ಗೃಹಸ್ಥರಿಗೂ ಇದೇ ವಿವೇಕವು ಬೇಕಾಗಿದೆ. ಏಕೆಂದರೆ, ಹಾಲು ಮೊಸರಾಗುವಂತೆಯೇ ಹೊಸ ತೊಟ್ಟಿಯ ನೀರೂ ಅಣುಜೀವಿಗಳ ಸಹಾಯದಿಂದ ಹದಗೊಳ್ಳಬೇಕು. ಈ ಕಾರ್ಯವು ಕೆಲವೊಮ್ಮೆ ನಡುದಾರಿಯಲ್ಲಿ ನಿಂತುಹೋಗುವುದುಂಟು.

ಕೆಲಕಾಲದ ಹಿಂದೆ ಮಧುಗಿರಿಯ ನಮ್ಮ ಮನೆಗೆ ಮೊಮ್ಮಗಳ ಆಸೆಗಾಗಿ ಒಂದು ಗಾಜಿನ ತೊಟ್ಟಿಯು ಬಂದಿತು. ತಂದ ದಿನವೇ ನೀರು ತುಂಬಿ, ಅದೇ ಸಂಜೆ ಆರು ಹೊಂಬಣ್ಣದ ಮೀನುಗಳನ್ನು ಬಿಟ್ಟೆವು. ಎಂಟು ದಿನಗಳೊಳಗಾಗಿ ಆರೂ ಸತ್ತುವು. ನೀರೇನೋ ಸ್ಫಟಿಕದಂತೆ ತಿಳಿಯಾಗಿಯೇ ಇದ್ದಿತು. ಕೊನೆಯ ಮೀನನ್ನು ತುಳಸಿಕಟ್ಟೆಯ ಪಕ್ಕದಲ್ಲಿ ಹೂಳಿ ಬಂದ ಮಗುವು, "ತಾತ, ನೀರು ಸರಿಯಾಗಿದೆ ಅಂತ ಗೊತ್ತಾಗೋವರೆಗೂ ಇನ್ನು ಮೀನು ತರೋದು ಬೇಡ" ಎಂದಿತು. ಆ ಮಾತಿನಲ್ಲಿದ್ದ ನ್ಯಾಯವು ನನ್ನ ಮನಸ್ಸನ್ನು ಚುಚ್ಚಿತು. ಮೂಕಪ್ರಾಣಿಗಳನ್ನು ಮನೆಗೆ ತಂದ ಮೇಲೆ ಅವುಗಳ ನೀರಿನ ಗುಣವನ್ನು ಅರಿಯದಿರುವುದು ನಮ್ಮ ತಪ್ಪಲ್ಲದೆ ಮೀನುಗಳ ತಪ್ಪಲ್ಲ.

ಮೀನುಗಳನ್ನು ಕೊಂದದ್ದು ಕಣ್ಣಿಗೆ ಕಾಣದ ಅಮೋನಿಯವು. ಮೀನಿನ ಉಸಿರಾಟದಿಂದಲೂ ಮಲದಿಂದಲೂ ತಿನ್ನದೆ ಉಳಿದ ಆಹಾರದಿಂದಲೂ ಇದು ನೀರಿಗೆ ಸೇರುತ್ತಲೇ ಇರುವುದು. ಒಂದು ಬಗೆಯ ಅಣುಜೀವಿಗಳು ಅಮೋನಿಯವನ್ನು ನೈಟ್ರೈಟನ್ನಾಗಿ ಮಾಡುವುವು. ಅದೂ ಮೀನಿಗೆ ವಿಷವೇ. ಇನ್ನೊಂದು ಬಗೆಯವು ನೈಟ್ರೈಟನ್ನು ನೈಟ್ರೇಟನ್ನಾಗಿ ಮಾರ್ಪಡಿಸುವುವು. ಇದು ಅಷ್ಟು ಅಪಾಯಕರವಲ್ಲ. ಆಗಾಗ್ಗೆ ನೀರು ಬದಲಿಸಿದರೆ ಮಿತಿಯಲ್ಲಿರುವುದು. ರೈತರಿಗೆ ಈ ವಿಷಯವು ಹೊಸದಲ್ಲ. ಹಸಿಗೊಬ್ಬರವು ಪೈರನ್ನು ಸುಡುವುದು, ತಿಪ್ಪೆಯಲ್ಲಿ ಕಳಿತ ಗೊಬ್ಬರವು ಪೈರನ್ನು ಪೋಷಿಸುವುದು. ಹಿಂದೆ ನಮ್ಮ ದೇಶದಲ್ಲಿ ಹಳೆಯ ಊರುಗಳ ಮಣ್ಣಿನಿಂದ ತೆಗೆಯುತ್ತಿದ್ದ ಪೆಟ್ಲುಪ್ಪು ಕೂಡ ಇದೇ ಜಾತಿಯ ಜೀವಿಗಳು ಮಾಡಿಟ್ಟ ನೈಟ್ರೇಟೇ ಆಗಿದ್ದಿತು.

ಇದು ಜೀವಿಗಳ ಕೆಲಸವೆಂಬುದನ್ನು 1877ರಲ್ಲಿ ಫ್ರಾನ್ಸ್ ದೇಶದ ಶ್ಲೇಸಿಂಗ್ ಮತ್ತು ಮ್ಯೂಂಟ್ಸ್ ಎಂಬ ವಿದ್ವಾಂಸರು ತೋರಿಸಿಕೊಟ್ಟರು. ಮರಳನ್ನೂ ಸುಣ್ಣಕಲ್ಲಿನ ಪುಡಿಯನ್ನೂ ತುಂಬಿದ ಗಾಜಿನ ಕೊಳವೆಯೊಳಗೆ ಅವರು ಚರಂಡಿಯ ನೀರನ್ನು ಮೆಲ್ಲಗೆ ಇಳಿಯಬಿಟ್ಟರು. ಸುಮಾರು 20 ದಿನಗಳವರೆಗೆ ಏನೂ ಆಗಲಿಲ್ಲ. ಆಮೇಲೆ ಅಮೋನಿಯವು ಮಾಯವಾಗಿ ನೈಟ್ರೇಟು ಕಾಣಿಸಿಕೊಂಡಿತು. ಕ್ಲೋರೋಫಾರಂ ಹಾಯಿಸಿದೊಡನೆ ಆ ಕಾರ್ಯವು ನಿಂತುಹೋಯಿತು. ಬರಿಯ ರಾಸಾಯನಿಕ ಕ್ರಿಯೆಯಾಗಿದ್ದರೆ ಹೀಗೆ ನಿಲ್ಲಬೇಕಾಗಿರಲಿಲ್ಲ. ವಾಚಕರು ಇಲ್ಲಿ ಎರಡು ಸಂಗತಿಗಳನ್ನು ನೆನಪಿನಲ್ಲಿಡಬೇಕು: ಒಂದು, ಆ 20 ದಿನಗಳ ಕಾಯುವಿಕೆ, ಇನ್ನೊಂದು, ಮರಳಿನೊಡನೆ ಬೆರೆಸಿದ್ದ ಸುಣ್ಣಕಲ್ಲು.

ಮೀನುಗಳನ್ನು ಬಲಿಕೊಡದೆ ಈ ಜೀವಿಗಳನ್ನು ಬೆಳೆಸುವ ಕ್ರಮವೊಂದುಂಟು. ಖಾಲಿ ತೊಟ್ಟಿಗೆ ನೀರು ತುಂಬಿ, ಫಿಲ್ಟರನ್ನು ಹಗಲಿರುಳೂ ನಡೆಯಿಸುತ್ತ, ಅಮೋನಿಯವನ್ನು ನಾವೇ ಅಳತೆಯಿಂದ ಹಾಕುವುದು. ಕಲಾಯಿ ಹಾಕುವವರು ಬಳಸುವ ನವಸಾಗರವೇ ಇದಕ್ಕೆ ಒದಗುವ ಪದಾರ್ಥ. ಆದರೆ ಸಂತೆಯ ಕಲಬೆರಕೆಯ ಮಾಲು ಬೇಡ, ಶುದ್ಧವಾದ ಅಮೋನಿಯಂ ಕ್ಲೋರೈಡನ್ನೇ ತರಬೇಕು. 6 ಗ್ರಾಂ ನವಸಾಗರವನ್ನು 1 ಲೀಟರ್ ನೀರಿನಲ್ಲಿ ಕರಗಿಸಿಟ್ಟುಕೊಂಡರೆ, ಆ ದ್ರವದ 50 ಮಿಲಿಲೀಟರು 50 ಲೀಟರಿನ ತೊಟ್ಟಿಗೆ, ಲೀಟರೊಂದಕ್ಕೆ ಸುಮಾರು 2 ಮಿಲಿಗ್ರಾಂ ಅಮೋನಿಯವನ್ನು ಕೊಡುವುದು. ಅಷ್ಟು ಸಾಕು. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರಗಳಲ್ಲಿ ನೀರು ಹದವಾಗುವುದು.

ನಾವು ಹಾಗೆಯೇ ಆರಂಭಿಸಿದೆವು. ಆದರೆ ಆತುರದಿಂದ 2ಕ್ಕೆ ಬದಲಾಗಿ 4 ಮಿಲಿಗ್ರಾಂ ಹಾಕಿದೆವು. ಮಗುವು ಒಂದು ನೋಟುಬುಕ್ಕಿನಲ್ಲಿ ಪ್ರತಿದಿನದ ಪರೀಕ್ಷೆಯ ಬಣ್ಣವನ್ನು ಬರೆದಿಡತೊಡಗಿತು. 16ನೆಯ ದಿನ ನೈಟ್ರೈಟು ಕಾಣಿಸಿಕೊಂಡಿತು. 22ನೆಯ ದಿನಕ್ಕೆ ಅಮೋನಿಯವು 4ರಿಂದ 1ಕ್ಕೆ ಇಳಿಯಿತು. ಅಲ್ಲಿಗೆ ನಿಂತಿತು. ಮುಂದಿನ ಹನ್ನೆರಡು ದಿನಗಳ ಪುಟಗಳಲ್ಲಿ ಒಂದೇ ಅಂಕಿ. ಅಂಗಡಿಯವರ ಸಲಹೆಯಂತೆ ಒಂದು ಸೀಸೆ ಅಣುಜೀವಿಗಳನ್ನು ತಂದು ಸುರಿದೆವು, ಅದರಿಂದಲೂ ಫಲವಾಗಲಿಲ್ಲ. ತೊಟ್ಟಿಯನ್ನು ಬರಿದುಮಾಡಿ ಮೊದಲಿನಿಂದ ಆರಂಭಿಸುವುದೇ ಸರಿಯೆಂದು ಮನೆಯವರೆಲ್ಲರೂ ಹೇಳಿದರು. ಇದೇ ದೊಡ್ಡ ತಪ್ಪಾಗುತ್ತಿದ್ದಿತು. 3 ಮಿಲಿಗ್ರಾಂ ಅಮೋನಿಯವು ಕರಗಿದ್ದೇ ಜೀವಿಗಳು ಹುಟ್ಟಿದ್ದುವೆಂಬುದಕ್ಕೆ ಸಾಕ್ಷಿ. ಹುಟ್ಟಿದ ಜೀವಿಗಳು ಕೆಲಸವನ್ನು ನಿಲ್ಲಿಸಿದುದೇಕೆ ಎಂಬುದೇ ಪ್ರಶ್ನೆ.

ಉತ್ತರವು ನಮ್ಮ ಸೀಮೆಯ ನೀರಿನಲ್ಲಿಯೇ ಅಡಗಿದ್ದಿತು. ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳಲ್ಲಿ ಮಳೆಯು ಕಡಿಮೆ. ಕೊರಟಗೆರೆಯಲ್ಲಿ ಜಯಮಂಗಲಿ, ಸುವರ್ಣಮುಖಿಗಳಿದ್ದರೂ ಅವು ಮಳೆಯನ್ನು ನಂಬಿದ ಹೊಳೆಗಳು. ಶಿರಾ ಕೆರೆಗೆ ನಾಲೆಯ ಮೂಲಕ ಹೇಮಾವತಿಯ ನೀರು ಬರುವುದಾದರೂ, ಹಳ್ಳಿಹಳ್ಳಿಗೂ ಬಹುಕಾಲ ಆಸರೆಯಾಗಿ ಬಂದದ್ದು ಕೊಳವೆಬಾವಿಯೇ. ಆ ನೀರು ಗಡಸು. ಪಾವಗಡದ ಕಡೆಯ ಎಷ್ಟೋ ಬಾವಿಗಳಲ್ಲಿ ಫ್ಲೋರೈಡು ಲೀಟರಿಗೆ 1.5 ಮಿಲಿಗ್ರಾಂ ಎಂಬ ಮಿತಿಯನ್ನು ಮೀರಿ, ಜನರ ಹಲ್ಲು ಎಲುಬುಗಳನ್ನು ಕೆಡಿಸಿರುವುದು ಎಲ್ಲರಿಗೂ ತಿಳಿದ ದುಃಖದ ಸಂಗತಿ. ಆದುದರಿಂದಲೇ ಊರೂರುಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳಾದುವು. ನಾಣ್ಯ ಹಾಕಿದರೆ ಕ್ಯಾನು ತುಂಬುವ ಈ ನೀರು ಮನುಷ್ಯರಿಗೆ ಉಪಕಾರಿಯೆಂಬುದರಲ್ಲಿ ಸಂದೇಹವಿಲ್ಲ. ನಮಗೆ ಒಳ್ಳೆಯದಾದ ನೀರು ಮೀನಿಗೂ ಒಳ್ಳೆಯದೇ ಎಂದು ಭಾವಿಸಿ ನಾವು ತೊಟ್ಟಿಯನ್ನು ಇದರಿಂದಲೇ ತುಂಬಿದ್ದೆವು.

ಆದರೆ ಆ ಯಂತ್ರವು ಫ್ಲೋರೈಡಿನೊಡನೆ ನೀರಿನಲ್ಲಿರುವ ಕ್ಷಾರವನ್ನೂ ಬಹುಮಟ್ಟಿಗೆ ತೆಗೆದುಬಿಡುವುದು. ಅಮೋನಿಯವನ್ನು ನೈಟ್ರೈಟು ಮಾಡುವಾಗ ಆಮ್ಲವು ಹುಟ್ಟುವುದು; ಅದನ್ನು ಅಡಗಿಸಲು ಕ್ಷಾರವು ವ್ಯಯವಾಗುವುದು. ಲೆಕ್ಕವು ಹೀಗಿದೆ: 1 ಮಿಲಿಗ್ರಾಂ ಅಮೋನಿಯವನ್ನು ಮಾರ್ಪಡಿಸಲು ಸುಮಾರು 6 ಮಿಲಿಗ್ರಾಂ ಸುಣ್ಣಕಲ್ಲಿಗೆ ಸಮನಾದ ಕ್ಷಾರವು ಬೇಕು. ಘಟಕದ ನೀರಿನಲ್ಲಿ ಲೀಟರಿಗೆ 20 ಮಿಲಿಗ್ರಾಂ ಮಾತ್ರ ಇದ್ದರೆ, 3 ಮಿಲಿಗ್ರಾಂ ಅಮೋನಿಯವು ಕರಗುವಷ್ಟರಲ್ಲಿ ಗಂಟು ಬರಿದಾಗುವುದು. ಆಮೇಲೆ ನೀರು ಹುಳಿಯಾಗುತ್ತ ಹೋಗಿ, ಪಿ.ಎಚ್. ಎಂಬ ಅಳತೆಯು 6ಕ್ಕಿಂತ ಕೆಳಗಿಳಿದರೆ ಜೀವಿಗಳ ಕೆಲಸವು ಬಹುಮಟ್ಟಿಗೆ ಸ್ತಬ್ಧವಾಗುವುದು. ನಮ್ಮ ಪುಸ್ತಕದ ಅಂಕಿಗಳು ಇದೇ ಕಥೆಯನ್ನು ಹೇಳುತ್ತಿದ್ದುವು. ಆ ದಿನವೇ ಪರೀಕ್ಷೆಯ ಕಾಗದವನ್ನು ಅದ್ದಿ ನೋಡಲಾಗಿ, ಆರಂಭದಲ್ಲಿ 7ರ ಸಮೀಪದಲ್ಲಿದ್ದ ಅಳತೆಯು 6ಕ್ಕಿಂತ ಕೆಳಗಿದ್ದಿತು. ಶ್ಲೇಸಿಂಗನ ಕೊಳವೆಯಲ್ಲಿದ್ದ ಸುಣ್ಣಕಲ್ಲು ನಮ್ಮ ತೊಟ್ಟಿಯಲ್ಲಿರಲಿಲ್ಲ.

ಪರಿಹಾರವು ಮನೆಯ ಹಿತ್ತಿಲಿನಲ್ಲಿಯೇ ಇದ್ದಿತು. ಕೊಳವೆಬಾವಿಯ ನೀರಿನಲ್ಲಿ ಈ ಕ್ಷಾರವು ಅನೇಕ ಕಡೆ ಲೀಟರಿಗೆ 200 ಮಿಲಿಗ್ರಾಮನ್ನೂ ಮೀರಿರುವುದುಂಟು. ತೊಟ್ಟಿಯ ಅರ್ಧ ನೀರನ್ನು ತೆಗೆದು ಅಷ್ಟೇ ಬಾವಿಯ ನೀರನ್ನು ತುಂಬಿದೆವು. ಐದು ದಿನಗಳಲ್ಲಿ ಅಮೋನಿಯವು ಸೊನ್ನೆಯಾಯಿತು. ಬಾವಿಯ ನೀರು ಸಿಗದವರು 50 ಲೀಟರಿಗೆ 5 ಗ್ರಾಂ ಅಡುಗೆ ಸೋಡಾವನ್ನು ಕರಗಿಸಿ ಹಾಕಿದರೆ, ಲೀಟರಿಗೆ ಸುಮಾರು 60 ಮಿಲಿಗ್ರಾಂ ಕ್ಷಾರವು ಸೇರುವುದು. ಒಂದು ಎಚ್ಚರಿಕೆ: ಮೀನುಗಳಿರುವ ತೊಟ್ಟಿಯಲ್ಲಿ ಹೀಗೆ ಒಮ್ಮೆಗೇ ಮಾಡಕೂಡದು. ಹುಳಿನೀರಿನಲ್ಲಿ ಅಮೋನಿಯವು ನಿರಪಾಯದ ರೂಪದಲ್ಲಿರುವುದು. ಕ್ಷಾರವು ಏರಿದೊಡನೆ ಅದರಲ್ಲೊಂದು ಭಾಗವು ವಿಷದ ರೂಪವನ್ನು ತಾಳುವುದು. ಮೀನಿಲ್ಲದಿರುವಾಗಲೇ ನೀರನ್ನು ತಿದ್ದಿಕೊಳ್ಳುವುದರ ಲಾಭವು ಇದೇ.

ಎಲ್ಲ ತೊಟ್ಟಿಗಳೂ ಇದೊಂದೇ ಕಾರಣದಿಂದ ನಿಲ್ಲುವುವೆಂದು ತಿಳಿಯಬಾರದು. ಊರಿನ ನಲ್ಲಿಯ ನೀರಿಗೆ ಬ್ಲೀಚಿಂಗ್ ಪುಡಿಯನ್ನು ಹಾಕಿರುವುದುಂಟು. ಅದರ ಕ್ಲೋರಿನ್ನು ಕ್ರಿಮಿಗಳನ್ನು ಕೊಲ್ಲುವಂತೆಯೇ ನಮ್ಮ ಸಹಾಯಕ ಜೀವಿಗಳನ್ನೂ ಕೊಲ್ಲುವುದು. ಆ ನೀರನ್ನು ಅಗಲವಾದ ಪಾತ್ರೆಯಲ್ಲಿ ಒಂದು ದಿನ ಬಿಸಿಲಿಗಿಟ್ಟು, ಆಗಾಗ್ಗೆ ಕಲಕಿ ಬಳಸತಕ್ಕದ್ದು. ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ತಿಕ್ಕಿ ತೊಳೆಯುವವರು ವಾರಗಳ ಬೆಳೆಯನ್ನು ಒಂದು ನಿಮಿಷದಲ್ಲಿ ಕಳೆದುಕೊಳ್ಳುವರು. ಏಕೆಂದರೆ ಈ ಜೀವಿಗಳು ನೀರಿನಲ್ಲಿ ತೇಲುವುದಕ್ಕಿಂತ ಹೆಚ್ಚಾಗಿ ಸ್ಪಂಜು, ಮರಳುಗಳಿಗೆ ಅಂಟಿಕೊಂಡೇ ಇರುವುವು. ಸ್ಪಂಜನ್ನು ತೊಟ್ಟಿಯಿಂದಲೇ ತೆಗೆದ ನೀರಿನಲ್ಲಿ ಮೆಲ್ಲಗೆ ಹಿಂಡಿದರೆ ಸಾಕು.

ವಿದ್ಯುಚ್ಛಕ್ತಿಯು ಗಂಟೆಗಟ್ಟಲೆ ನಿಲ್ಲುವ ಊರುಗಳಲ್ಲಿ, ಮುಚ್ಚಿದ ಫಿಲ್ಟರಿನೊಳಗಿನ ಜೀವಿಗಳು ಪ್ರಾಣವಾಯುವಿಲ್ಲದೆ ಬಳಲುವುವು. ಅಂಥ ಕಡೆ ಬ್ಯಾಟರಿಯಿಂದ ನಡೆಯುವ ಗಾಳಿಯ ಪಂಪು ಉತ್ತಮ. ಪುಷ್ಯಮಾಸದ ಚಳಿಯಲ್ಲಿ ಇಡ್ಲಿಯ ಹಿಟ್ಟು ಉಬ್ಬುವುದು ತಡವಾಗುವಂತೆಯೇ ಈ ಕಾರ್ಯವೂ ನಿಧಾನವಾಗುವುದು. 25ರಿಂದ 30 ಡಿಗ್ರಿ ಸೆಂಟಿಗ್ರೇಡಿನ ಬೆಚ್ಚಗಿನ ನೀರು ಅದಕ್ಕೆ ಹಿತಕರ. ಆತುರದಿಂದ ಅಮೋನಿಯವನ್ನು 5 ಮಿಲಿಗ್ರಾಂ ಮೀರಿ ಸುರಿದರೆ, ಅದರಲ್ಲಿಯೂ ಗಡಸುನೀರಿನಲ್ಲಿ, ನೈಟ್ರೈಟನ್ನು ತಿನ್ನುವ ಜೀವಿಗಳೇ ಕುಗ್ಗಿಹೋಗುವುವು. ಆಗ ಅರ್ಧ ನೀರನ್ನು ಬದಲಿಸಿ, ಅಮೋನಿಯ ಹಾಕುವುದನ್ನು ನಿಲ್ಲಿಸಿ ಕಾಯಬೇಕು.

ನೈಟ್ರೈಟಿನ ಹಂತದಲ್ಲಿ ತಡವಾಗುವುದಂತೂ ಸಹಜವೇ. ಅದನ್ನು ತಿನ್ನುವ ಜೀವಿಗಳು ಮೆಲ್ಲಗೆ ಬೆಳೆಯತಕ್ಕವು. ಅವು ನೈಟ್ರೊಬ್ಯಾಕ್ಟರ್ ಎಂದು ಬಹುಕಾಲ ನಂಬಲಾಗಿದ್ದಿತು; ಮೀನುತೊಟ್ಟಿಗಳಲ್ಲಿ ಮುಖ್ಯವಾಗಿ ಆ ಕೆಲಸವನ್ನು ಮಾಡುವುವು ನೈಟ್ರೊಸ್ಪೈರ ಎಂಬ ಬೇರೆ ಗುಂಪಿನವೆಂದು 1998ರಲ್ಲಿ ತಿಳಿದುಬಂದಿತು. ಅದೇ ಗುಂಪಿನ ಕೆಲವು ಅಮೋನಿಯದಿಂದ ನೈಟ್ರೇಟಿನವರೆಗೆ ಇಡೀ ದಾರಿಯನ್ನು ತಾವೇ ನಡೆಯಬಲ್ಲವೆಂಬುದು 2015ರಲ್ಲಿ ಪ್ರಕಟವಾಯಿತು. ಇವಕ್ಕೆ ರಂಜಕವೂ ಸ್ವಲ್ಪ ಬೇಕು. ಘಟಕದ ನೀರಿನಲ್ಲಿಯೂ ನವಸಾಗರದಲ್ಲಿಯೂ ಅದು ಇಲ್ಲವೆಂದೇ ಹೇಳಬೇಕು. ಒಂದು ಚಿಟಿಕೆ ಮೀನಿನ ಆಹಾರವನ್ನು ಹಾಕಿದರೆ ಆ ಕೊರತೆಯು ತೀರುವುದು.

ನಮ್ಮ ಸೀಮೆಯವರು ಮೋಸಹೋಗಬಹುದಾದ ಇನ್ನೊಂದು ಸಂಗತಿಯುಂಟು. ಗೊಬ್ಬರ ಹಾಕಿದ ಹೊಲಗಳ ನಡುವಣ ಕೊಳವೆಬಾವಿಗಳ ನೀರಿನಲ್ಲಿ ನೈಟ್ರೇಟು ಮೊದಲೇ ಇರಬಹುದು. ತೊಟ್ಟಿಯಲ್ಲಿ ನೈಟ್ರೇಟನ್ನು ಕಂಡೊಡನೆ ನೀರು ಹದವಾಯಿತೆಂದು ಸಂತೋಷಪಡಬಾರದು. ಬಾವಿಯ ನೀರನ್ನು ಬೇರೆಯಾಗಿ ಪರೀಕ್ಷಿಸಿ, ಎರಡರ ಅಂತರವನ್ನು ನೋಡತಕ್ಕದ್ದು. ಪರೀಕ್ಷೆಯ ಔಷಧವು ಅವಧಿ ಮೀರಿದುದಾದರೆ ಅದೂ ಸುಳ್ಳನ್ನೇ ಹೇಳುವುದು.

ಇವೆಲ್ಲವೂ ಸರಿಯಾಗಿದ್ದು ಕಾರ್ಯವು ಮಾತ್ರ ಆರಂಭವಾಗದಿದ್ದರೆ ಆಗ ಹೆಪ್ಪನ್ನು ಹುಡುಕಬೇಕು. ರೋಗವಿಲ್ಲದ ಹಳೆಯ ತೊಟ್ಟಿಯುಳ್ಳ ನೆರೆಯವರಿಂದ ಒಂದು ತುಂಡು ಸ್ಪಂಜನ್ನು ಒದ್ದೆಯಾಗಿಯೇ ತಂದು ನಮ್ಮ ಫಿಲ್ಟರಿನಲ್ಲಿಟ್ಟರೆ ವಾರಗಳು ಉಳಿಯುವುವು. ಆದರೆ ಹುಳಿಯಾದ ನೀರಿಗೆ ಎಷ್ಟು ಹೆಪ್ಪು ಹಾಕಿದರೂ ವ್ಯರ್ಥವೆಂಬುದನ್ನು ನಾವು ಸುರಿದ ಸೀಸೆಯು ಕಲಿಸಿತು. ಮೊದಲು ನೆಲ ಹಸನು, ಆಮೇಲೆ ಬಿತ್ತನೆ.

ನಮ್ಮ ತೊಟ್ಟಿಯಲ್ಲಿ 50ನೆಯ ದಿನ ನೈಟ್ರೈಟೂ ಸೊನ್ನೆಯಾಯಿತು. ಕೊನೆಯ ಪರೀಕ್ಷೆಯಾಗಿ 2 ಮಿಲಿಗ್ರಾಂ ಅಮೋನಿಯವನ್ನು ಹಾಕಿದೆವು. ಮರುದಿನ ಅದೇ ಹೊತ್ತಿಗೆ ಅಮೋನಿಯ, ನೈಟ್ರೈಟು ಎರಡೂ ಇರಲಿಲ್ಲ. ಹೀಗೆ ಒಂದು ದಿನದೊಳಗೆ ಎರಡೂ ಕರಗುವುದೇ ನೀರು ಹದವಾಯಿತೆಂಬುದಕ್ಕೆ ಗುರುತು. ಕೂಡಿಬಂದ ನೈಟ್ರೇಟನ್ನು ಕಳೆಯಲು ಹೆಚ್ಚಿನ ನೀರನ್ನು ಬದಲಿಸಿ, ಬಾವಿಯ ನೀರನ್ನೂ ಘಟಕದ ನೀರನ್ನೂ ಸಮಭಾಗದಲ್ಲಿ ಬೆರೆಸಿ ತುಂಬಿದೆವು. ಅಂದಿನಿಂದ ನೀರು ಬದಲಿಸುವಾಗಲೆಲ್ಲ ಅದೇ ಪ್ರಮಾಣ.

ಹೊಂಬಣ್ಣದ ಮೀನುಗಳು ದೊಡ್ಡವಾಗಿ ಬೆಳೆಯುವುದರಿಂದ ಅವಕ್ಕೆ 50 ಲೀಟರಿನ ತೊಟ್ಟಿಯು ಸಾಲದೆಂಬುದನ್ನು ಈ ಸಲ ಅರಿತಿದ್ದೆವು. ಸೊಳ್ಳೆಯ ಮರಿಗಳನ್ನು ತಿನ್ನಲೆಂದು ನೀರಿನ ತೊಟ್ಟಿಗಳಿಗೆ ಬಿಡುವ, ಗಡಸುನೀರಿಗೆ ಹೆದರದ ಗಪ್ಪಿ ಮೀನುಗಳನ್ನು ಮೂರು ಮಾತ್ರ ತಂದೆವು. ಎಂಟನೆಯ ದಿನ ಮಗುವು ಶಾಲೆಗೆ ಹೊರಡುವ ಮುನ್ನ ತೊಟ್ಟಿಯ ಮುಂದೆ ಬಹಳ ಹೊತ್ತು ನಿಂತಿದ್ದಿತು. ಆಮೇಲೆ ನೋಟುಬುಕ್ಕನ್ನು ತೆರೆದು, ಬಣ್ಣದ ಅಂಕಿಯ ಮುಂದೆ "ಮೂರೂ ಇವೆ" ಎಂದು ಬರೆದಿಟ್ಟು ಹೋಯಿತು.