ನಾಡಿನ ಹೊರಗೆ ಕಟ್ಟಿದ ರಂಗ: ‘ಪ್ಯಾರಿಸ್ ಬೈ ನೈಟ್’ ಮತ್ತು ವಲಸೆಯ ವಿಯೆಟ್ನಾಮೀ ಭಾಷೆ

ಒಂದು ಭಾಷೆಯ ಜನಪ್ರಿಯ ಮನರಂಜನೆಯು ಆ ಭಾಷೆಯ ನಾಡಿನಲ್ಲಿ ಸಿದ್ಧಗೊಂಡು ಹೊರಗಿರುವವರನ್ನು ತಲುಪುತ್ತದೆ ಎಂಬುದು ಸಾಮಾನ್ಯ ಗ್ರಹಿಕೆ. ವಿಯೆಟ್ನಾಮೀ ಭಾಷೆಯ ‘ಪ್ಯಾರಿಸ್ ಬೈ ನೈಟ್’ ಎಂಬ ವಿಡಿಯೊ ಮಾಲಿಕೆ ಈ ಗ್ರಹಿಕೆಯನ್ನು ತಿರುವುಮುರುವು ಮಾಡಿತು. ಅದು ಹೊರನಾಡಿನಲ್ಲಿ ತಯಾರಾಯಿತು. ಅದರ ಕ್ಯಾಸೆಟ್ಟುಗಳು ಕದ್ದುಮುಚ್ಚಿ ತಾಯ್ನಾಡನ್ನು ಸೇರಿದವು.

1975ರ ಏಪ್ರಿಲ್ 30ರಂದು ಸೈಗಾನ್ ನಗರ ಪತನಗೊಂಡಿತು. ಅನಂತರ ಲಕ್ಷಾಂತರ ಮಂದಿ ಅಮೆರಿಕ, ಫ್ರಾನ್ಸ್, ಕೆನಡ, ಆಸ್ಟ್ರೇಲಿಯಗಳಿಗೆ ವಲಸೆ ಹೋದರು. ದಕ್ಷಿಣ ವಿಯೆಟ್ನಾಮಿನ ಭಾವಗೀತೆಗಳನ್ನು ಹೊಸ ಆಡಳಿತವು ‘ಹಳದಿ ಸಂಗೀತ’ವೆಂದು ಹೆಸರಿಸಿ ನಿಷೇಧಿಸಿತು. ಸೈಗಾನಿನಲ್ಲಿ ಧ್ವನಿಮುದ್ರಿಕೆಗಳ ವ್ಯವಹಾರ ನಡೆಸುತ್ತಿದ್ದ ತೋ ವಾನ್ ಲಾಯ್ ಫ್ರಾನ್ಸಿಗೆ ತೆರಳಿ, ತಮ್ಮ ‘ಥುಯ್ ಙಾ’ ಸಂಸ್ಥೆಯ ಮೂಲಕ 1983ರಲ್ಲಿ ಈ ಮಾಲಿಕೆಯನ್ನು ಆರಂಭಿಸಿದರು. ಮುಂದೆ ಸಂಸ್ಥೆಯು ವಿಯೆಟ್ನಾಮೀಯರು ದಟ್ಟವಾಗಿ ನೆಲೆಸಿರುವ ದಕ್ಷಿಣ ಕ್ಯಾಲಿಫೋರ್ನಿಯಕ್ಕೆ ಸ್ಥಳಾಂತರಗೊಂಡಿತು.

ಮಾಲಿಕೆಯ ಸ್ವರೂಪ ಸರಳವಾದುದು: ಹಾಡು, ನೃತ್ಯ, ಹಾಸ್ಯ ಪ್ರಹಸನ, ದಕ್ಷಿಣದ ಸಂಗೀತ ನಾಟಕವಾದ ‘ಕಾಯ್ ಲುವಾಂಗ್’ನ ತುಣುಕುಗಳು. ಭಾಷೆಯ ದೃಷ್ಟಿಯಿಂದ ಗಮನಾರ್ಹವಾದದ್ದು ಹಾಡುಗಳ ನಡುವಿನ ನಿರೂಪಣೆ. 1992ರಿಂದ ಮೂರು ದಶಕಗಳ ಕಾಲ ನಿರೂಪಕರಾಗಿದ್ದ ಙುಯೆನ್ ಙೋಕ್ ಙಾನ್ ಸ್ವತಃ ಕಾದಂಬರಿಕಾರರು. ಹಾಡನ್ನು ಬರೆದವರಾರು, ಅದು ಹುಟ್ಟಿದ ಸಂದರ್ಭ ಯಾವುದು ಎಂಬ ವಿವರಣೆಯನ್ನು ಅವರು ನಿರೂಪಣೆಯಲ್ಲಿಯೇ ಹೆಣೆಯುತ್ತಿದ್ದರು. ಹೀಗೆ ಮನೆಮಂದಿಯೆಲ್ಲ ಕುಳಿತು ನೋಡುವ ವಿನೋದವೇ ಒಂದು ಮೌಖಿಕ ಸಾಹಿತ್ಯಚರಿತ್ರೆಯೂ ಆಯಿತು. ಮನೆಯ ಹೊರಗೆ ಇಂಗ್ಲಿಷನ್ನೋ ಫ್ರೆಂಚನ್ನೋ ಬಳಸುವ ಮಕ್ಕಳ ಕಿವಿಗೆ ಅಡುಗೆಮನೆಯ ಮಾತಿಗಿಂತ ಭಿನ್ನವಾದ, ವೇದಿಕೆಯ ಗಂಭೀರ ಭಾಷೆಯೊಂದು ಬೀಳುವ ಅವಕಾಶ ಇಲ್ಲಿತ್ತು.

ಆ ಭಾಷೆ ಯಾವುದು ಎಂಬುದು ಮುಖ್ಯ ಪ್ರಶ್ನೆ. ವಿಮಾನ ನಿಲ್ದಾಣಕ್ಕೆ ಹಳೆಯ ಸೈಗಾನಿನಲ್ಲಿ ಚೀನೀಮೂಲದ ‘ಫಿ ಚುವಾಂಗ್’ ಎಂಬ ಪದ ಬಳಕೆಯಲ್ಲಿತ್ತು. ಇಂದಿನ ವಿಯೆಟ್ನಾಮಿನಲ್ಲಿ ದೇಶ್ಯವಾದ ‘ಸನ್ ಬಾಯ್’ ರೂಢಿಯಲ್ಲಿದೆ. ಸಂಸ್ಕೃತಜನ್ಯ ಪದಕ್ಕೂ ಅಚ್ಚಗನ್ನಡ ಪದಕ್ಕೂ ನಡುವಿನ ಆಯ್ಕೆಯನ್ನು ಇದು ನೆನಪಿಸುತ್ತದೆ. ವಲಸಿಗರಿಗಾದರೋ ಇದು ಕೇವಲ ಶೈಲಿಯ ಆಯ್ಕೆಯಲ್ಲ, ರಾಜಕೀಯ ನಿಷ್ಠೆಯ ಗುರುತು. ತಾಯ್ನಾಡಿನಲ್ಲಿ ಹಿಂದೆ ಸರಿದ ಪದಗಳು ಹೊರನಾಡಿನಲ್ಲಿ ಉಳಿದುಬಂದವು.

ಇಂಥ ಉಳಿಕೆಗೆ ಬೆಲೆಯೂ ಇದೆ. 1997ರಲ್ಲಿ ಬಂದ 40ನೆಯ ಸಂಚಿಕೆಯ ವಸ್ತು ‘ತಾಯಿ’. ಅದರಲ್ಲಿ ಬಳಸಿದ ಯುದ್ಧದ ದೃಶ್ಯಗಳು ಕಮ್ಯುನಿಸ್ಟರ ಪರವಾಗಿವೆಯೆಂದು ಸಮುದಾಯದ ಹಲವರು ಬೀದಿಗಿಳಿದು ಪ್ರತಿಭಟಿಸಿದರು. ಭಾಷೆಯನ್ನು ಕಾಪಾಡಿದ ಸಾಮೂಹಿಕ ಸ್ಮೃತಿಯೇ ಹೊಸ ಮಾತಿಗೆ ಮಿತಿಯನ್ನೂ ಹಾಕಿತು. ಅನಂತರದ ವರ್ಷಗಳಲ್ಲಿ ತಾಯ್ನಾಡಿನ ನಿರ್ಬಂಧಗಳು ಸಡಿಲಗೊಂಡವು; ಹೆಸರಾಂತ ಗೀತಕಾರ ಫಾಮ್ ಯುಯ್ 2005ರಲ್ಲಿ ಮರಳಿ ಹೋಗಿ ಅಲ್ಲಿಯೇ ನೆಲೆಸಿದರು. ಇತ್ತ ನಕಲು ಮುದ್ರಿಕೆ ಮತ್ತು ಅಂತರ್ಜಾಲದಿಂದಾಗಿ ಕ್ಯಾಸೆಟ್ಟು, ಡಿವಿಡಿಗಳ ಮಾರುಕಟ್ಟೆ ಕುಸಿಯಿತು.

ಗಡಿನಾಡ ಕನ್ನಡಿಗರೊಂದಿಗೆ ಈ ನಿದರ್ಶನವನ್ನು ನೇರವಾಗಿ ಹೋಲಿಸಲಾಗದು. ವಿಯೆಟ್ನಾಮೀಯರು ಗಡಿ ದಾಟಿ ಹೋದವರು. ಕಾಸರಗೋಡಿನವರ, ಅಕ್ಕಲಕೋಟೆಯವರ ಪಾಲಿಗೆ 1956ರಲ್ಲಿ ಗಡಿಯೇ ಬಂದು ನಿಂತಿತು. ಅವರ ಹಿಂದೆ ರಾಜಕೀಯ ನಿಷೇಧದ ಕಥೆಯೂ ಇಲ್ಲ. ಆದರೂ ಒಂದು ಅಂಶ ವಿಚಾರಾರ್ಹ. ಬೆಂಗಳೂರಿನ ವಾಹಿನಿಗಳು ಗಡಿಯಾಚೆಗೂ ತಲುಪುವುದರಿಂದ ಕನ್ನಡವನ್ನು ಕೇಳುವ ಅವಕಾಶವೇನೋ ಒದಗುತ್ತದೆ. ಆದರೆ ಸೊಲ್ಲಾಪುರದ ಅಥವಾ ತಾಳವಾಡಿಯ ಕನ್ನಡವು ತನ್ನನ್ನು ತಾನೇ ವೇದಿಕೆಯ ಮೇಲೆ ಕೇಳಿಸಿಕೊಳ್ಳುವ ಅವಕಾಶ ಅದರಿಂದ ಒದಗದು. ಕಾಸರಗೋಡಿನ ಯಕ್ಷಗಾನಕ್ಕೆ ಆ ಬಲವಿದೆ, ಏಕೆಂದರೆ ಅಲ್ಲಿ ಅರ್ಥ ಹೇಳುವವರೂ ಕೇಳುವವರೂ ಅದೇ ನೆಲದವರು. ಭಾಷಾ ಉಳಿವಿನ ಅಧ್ಯಯನಗಳು ನೋಡುಗರನ್ನು ಎಣಿಸಿ ನಿಲ್ಲದೆ, ಮನರಂಜನೆಯನ್ನು ಕಟ್ಟುವವರು ಯಾರು ಎಂಬುದನ್ನೂ ಕೇಳಬೇಕಾಗಿದೆ.