ಮನೆಯ ಅಭ್ಯಾಸ ಪುಸ್ತಕ ಮತ್ತು ಮಗುವಿನ ಕಲಿಕೆ

ಠಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳ ಅನೇಕ ಮಕ್ಕಳು ಮರಾಠಿ ಅಥವಾ ಇಂಗ್ಲಿಷ್ ಮಾಧ್ಯಮದಲ್ಲಿ ಕಲಿಯುತ್ತಾರೆ. ಬೀದಿಯ ಫಲಕಗಳಲ್ಲಿಯೂ ಅವರು ಕಾಣುವುದು ದೇವನಾಗರಿ ಮತ್ತು ರೋಮನ್ ಲಿಪಿಗಳನ್ನೇ. ಹೀಗಾಗಿ ಕನ್ನಡದ 49 ಅಕ್ಷರಗಳ ಪರಿಚಯ ಮನೆಯಲ್ಲಿಯೇ ಆಗಬೇಕು.

ಅಭ್ಯಾಸ ಪುಸ್ತಕದಲ್ಲಿ ಚುಕ್ಕಿ ಜೋಡಿಸುವುದರಿಂದ ಬೆರಳುಗಳಿಗೆ ಹಿಡಿತ ಬರುತ್ತದೆ. ಅಕ್ಷರ ತಿದ್ದುವುದರಿಂದ ‘ಪ’, ‘ವ’ಗಳ ಆಕಾರಭೇದ ತಿಳಿಯುತ್ತದೆ. ಆದರೆ ಪುಸ್ತಕವೊಂದರಿಂದಲೇ ಮಾತು ಬಾರದು. ‘ಆನೆ’ ಎಂದು ತಿದ್ದುವ ಮಗುವಿಗೆ ಹಿರಿಯರು ಆನೆಯ ಕಥೆ ಹೇಳಿದಾಗ ಅಕ್ಷರಕ್ಕೆ ಅರ್ಥ ಕೂಡುತ್ತದೆ.

3ರಿಂದ 6 ವರ್ಷದ ಮಕ್ಕಳಿಗೆ ಪಠ್ಯಪುಸ್ತಕಗಳನ್ನು ನಿಗದಿಪಡಿಸಬಾರದೆಂದು 2022ರ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಸೂಚಿಸಿದೆ. ಆದುದರಿಂದ ಪಾಲಕರು ಪುಟಗಳನ್ನು ಮುಗಿಸಲು ಅವಸರಪಡಿಸದೆ, ದಿನಕ್ಕೊಂದು ಪುಟದೊಡನೆ ಒಂದು ಕಥೆಯನ್ನೂ ಹೇಳುವುದು ಹಿತಕರ. ಊರಿನಿಂದ ಬಂದ ಅಜ್ಜಿಯ ಪತ್ರವನ್ನು ಮೊಮ್ಮಗು ತಾನೇ ಓದಬಲ್ಲದಾಗುವುದು ಈ ರೂಢಿಯಿಂದಲೇ.