ಅರೆಬರೆ ನಿರ್ವಾತ ಸಾಲದು

ಗಾಜಿನ ಫ್ಲಾಸ್ಕಿನ ಎರಡು ಗೋಡೆಗಳ ನಡುವೆ ಇರುವುದು ಕೆಲವೇ ಮಿಲಿಮೀಟರ್ ಜಾಗ. ಅಲ್ಲಿನ ಗಾಳಿಯನ್ನು ಹೀರಿ ತೆಗೆದಿರುವುದರಿಂದ ಒಳಗಿನ ಚಹಾ ಬಿಸಿಯಾಗಿಯೇ ಉಳಿಯುತ್ತದೆ ಎಂದು ಶಾಲೆಯಲ್ಲಿ ಎಲ್ಲರೂ ಓದಿರುತ್ತಾರೆ. ಹಾಗಿದ್ದರೆ ಅರ್ಧ ಗಾಳಿ ತೆಗೆದಾಗ ಅರ್ಧದಷ್ಟಾದರೂ ಲಾಭ ಸಿಗಬೇಕಲ್ಲವೇ? ಸಿಗುವುದಿಲ್ಲ. ನೂರರಲ್ಲಿ ತೊಂಬತ್ತೊಂಬತ್ತು ಪಾಲು ಹೊರಹಾಕಿದರೂ ಆ ಇಕ್ಕಟ್ಟಿನಲ್ಲಿ ಉಳಿದ ಒಂದು ಪಾಲು ಗಾಳಿ ಹೆಚ್ಚುಕಡಿಮೆ ಮೊದಲಿನಷ್ಟೇ ಶಾಖವನ್ನು ದಾಟಿಸುತ್ತದೆ.

ನಂಬಲು ಕಷ್ಟವಾದ ಈ ಸಂಗತಿ ಹೊರಬಿದ್ದದ್ದು ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ 1860ರ ಸುಮಾರಿಗೆ ಕಟ್ಟಿದ ಅನಿಲ ಸಿದ್ಧಾಂತದಿಂದ. ಕೋಣೆಯ ಗಾಳಿಯ ಅಣುಗಳು ಸೆಕೆಂಡಿಗೆ ಸುಮಾರು 500 ಮೀಟರ್ ವೇಗದಲ್ಲಿ ಓಡುತ್ತಿರುತ್ತವೆ. ಆದರೆ 70 ನ್ಯಾನೊಮೀಟರ್‌ನಷ್ಟು, ಅಂದರೆ ತಲೆಗೂದಲ ದಪ್ಪದ ಸಾವಿರದಲ್ಲೊಂದು ಪಾಲು ದೂರ ಹೋಗುವಷ್ಟರಲ್ಲಿ ಇನ್ನೊಂದು ಅಣುವಿಗೆ ಡಿಕ್ಕಿ ಹೊಡೆಯುತ್ತವೆ. ಬಿಸಿ ಗೋಡೆಯಿಂದ ಪಡೆದ ಶಕ್ತಿ ಹೀಗೆ ಕೈಯಿಂದ ಕೈಗೆ ದಾಟುತ್ತಾ ತಣ್ಣನೆಯ ಗೋಡೆ ಮುಟ್ಟುತ್ತದೆ. ಗಾಳಿಯನ್ನು ಅರ್ಧಕ್ಕಿಳಿಸಿದರೆ ಹೊರೆ ಹೊರುವವರೇನೋ ಅರ್ಧವಾದರು, ಆದರೆ ದಾರಿಯಲ್ಲಿ ಅಡ್ಡ ಬರುವವರೂ ಅರ್ಧವಾದರು. ಒಬ್ಬೊಬ್ಬರೂ ಎರಡು ಪಟ್ಟು ದೂರ ಹೊತ್ತೊಯ್ಯುತ್ತಾರೆ. ಲೆಕ್ಕ ಸರಿಹೋಯಿತು. 1872ರಲ್ಲಿ ವಿಯೆನ್ನಾದ ಯೋಸೆಫ್ ಸ್ಟೆಫಾನ್ ಒಂದರೊಳಗೊಂದು ಇಟ್ಟ ಲೋಹದ ಸಿಲಿಂಡರ್‌ಗಳ ನಡುವೆ ಅನಿಲ ತುಂಬಿ ಅಳೆದು ನೋಡಿದಾಗ ಮ್ಯಾಕ್ಸ್‌ವೆಲ್ ಹೇಳಿದ್ದೇ ನಿಜವಾಯಿತು.

ಈ ಸಮತೋಲ ಮುರಿಯುವುದು ಅಣುವಿನ ಓಟ ಗೋಡೆಗಳ ನಡುವಿನ ಅಂತರಕ್ಕಿಂತ ಉದ್ದವಾದಾಗ. ಆಗ ಅಣುಗಳು ಒಂದನ್ನೊಂದು ಸಂಧಿಸುವುದೇ ಅಪರೂಪ. ಗೋಡೆಯಿಂದ ಗೋಡೆಗೆ ನೇರ ಹಾರಾಟ. ಓಟ ಇನ್ನಷ್ಟು ಉದ್ದವಾಗಲು ಜಾಗವಿಲ್ಲದ್ದರಿಂದ ಅಲ್ಲಿಂದ ಮುಂದೆ ತೆಗೆದ ಒಂದೊಂದು ಅಣುವೂ ನಿಜವಾದ ಉಳಿತಾಯ. ಅಂತರ ಐದಾರು ಮಿಲಿಮೀಟರ್ ಆದರೆ ಒತ್ತಡ ವಾತಾವರಣದ ಲಕ್ಷದಲ್ಲೊಂದು ಭಾಗಕ್ಕಿಂತ ಕೆಳಗಿಳಿಯಬೇಕು.

1892ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಜೇಮ್ಸ್ ಡ್ಯೂವರ್ ರೂಪಿಸಿದ ಜೋಡಿ ಗೋಡೆಯ ಪಾತ್ರೆಯ ಹಿರಿಮೆ ಇಲ್ಲಿದೆ. ಅವರಿಗೆ ಬೇಕಿದ್ದದ್ದು ಬಿಸಿ ಚಹಾ ಅಲ್ಲ, ದ್ರವರೂಪದ ಗಾಳಿಯನ್ನು ಕುದ್ದು ಆರಿಹೋಗದಂತೆ ಹಿಡಿದಿಡುವ ಪಾತ್ರೆ. ನಿರ್ವಾತದಲ್ಲೂ ಶಾಖ ವಿಕಿರಣವಾಗಿ ದಾಟಬಲ್ಲದು. ಅದನ್ನು ತಡೆಯಲು ಗಾಜಿಗೆ ಬೆಳ್ಳಿಯ ಲೇಪ ಕೊಟ್ಟರು. 1898ರಲ್ಲಿ ಜಲಜನಕವನ್ನೂ ದ್ರವವಾಗಿಸಿದರು, ಸುಮಾರು −253 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಪಾತ್ರೆಗೆ ಅವರು ಪೇಟೆಂಟ್ ಪಡೆದಿರಲಿಲ್ಲ. ಅದನ್ನು ಮನೆಬಳಕೆಗೆ ತಂದು ಥರ್ಮಸ್ ಎಂಬ ಹೆಸರಿನಲ್ಲಿ ಮಾರಿದವರು ಜರ್ಮನರು.

ಗಾಳಿ ತೆಗೆಯಲಾಗದ ಕಡೆ ಅದನ್ನು ಅಲುಗಾಡದಂತೆ ಕೂಡಿಹಾಕುವುದೇ ಉಪಾಯ. ಚಳಿದೇಶಗಳ ಜೋಡಿ ಗಾಜಿನ ಕಿಟಕಿಗಳಲ್ಲಿ ಅಂತರ ಹೆಚ್ಚಿಸುತ್ತಾ ಹೋದಂತೆ ಮೊದಮೊದಲು ಶಾಖ ನಷ್ಟ ಇಳಿಯುತ್ತದೆ. ಅಂತರ ಒಂದೂವರೆ ಸೆಂಟಿಮೀಟರ್ ಆಸುಪಾಸು ದಾಟಿದರೆ ಬೆಚ್ಚನೆಯ ಗಾಜಿನ ಬದಿಯ ಗಾಳಿ ಮೇಲೇರಿ, ತಣ್ಣನೆಯ ಬದಿಯದು ಕೆಳಗಿಳಿದು, ಒಳಗೇ ಸುತ್ತು ಹರಿವು ಶುರುವಾಗಿ ಹೆಚ್ಚಿನ ಲಾಭ ಕೈತಪ್ಪುತ್ತದೆ. ಅಲ್ಲಿ ಆರ್ಗಾನ್ ತುಂಬುವುದೂ ಉಂಟು. ಅದರ ಭಾರವಾದ ಪರಮಾಣುಗಳು ನಿಧಾನವಾಗಿ ಚಲಿಸುವುದರಿಂದ ಗಾಳಿ ಸಾಗಿಸುವ ಶಾಖದ ಮೂರನೇ ಎರಡರಷ್ಟನ್ನು ಮಾತ್ರ ಸಾಗಿಸುತ್ತವೆ.

ಇದಕ್ಕಿಂತ ಜಾಣತನದ್ದು ಏರೋಜೆಲ್. ಅಮೆರಿಕದ ಸ್ಯಾಮ್ಯುಯೆಲ್ ಕಿಸ್ಲರ್ 1931ರಲ್ಲಿ ಪ್ರಕಟಿಸಿದ ಈ ಹಗುರ ವಸ್ತುವಿನ ರಂಧ್ರಗಳ ಅಗಲ ಹತ್ತಾರು ನ್ಯಾನೊಮೀಟರ್, ಅಂದರೆ ಅಣುವಿನ ಸಹಜ ಓಟಕ್ಕಿಂತಲೂ ಕಡಿಮೆ. ಡ್ಯೂವರ್ ಗಾಳಿ ತೆಗೆದು ಅಣುವಿನ ಓಟವನ್ನು ಉದ್ದ ಮಾಡಿದರೆ, ಕಿಸ್ಲರ್ ಅವರ ವಸ್ತುವಿನಲ್ಲಿ ಕೋಣೆಯೇ ಕುಗ್ಗಿತು. ಗಾಳಿ ಪೂರ್ಣ ಒತ್ತಡದಲ್ಲಿದ್ದರೂ ಅರೆ ನಿಷ್ಕ್ರಿಯ. 1997ರಲ್ಲಿ ಮಂಗಳದಲ್ಲಿ ಓಡಾಡಿದ ಸೋಜರ್ನರ್ ಬಂಡಿಯ ಎಲೆಕ್ಟ್ರಾನಿಕ್ಸನ್ನು ಅಲ್ಲಿನ ರಾತ್ರಿಯ ಚಳಿಯಿಂದ ಕಾಪಾಡಿದ್ದು ಇದೇ.

ಬೆಂಗಳೂರಿನ ತಾರಸಿಗಳ ಮೇಲಿನ ಸೋಲಾರ್ ವಾಟರ್ ಹೀಟರ್‌ಗಳಲ್ಲಿ ಹಲವು ಕೊಳವೆ ಮಾದರಿಯವು. ಅವು ಡ್ಯೂವರ್ ಪಾತ್ರೆಯ ನೇರ ವಂಶಸ್ಥರು. ಜೋಡಿ ಗಾಜಿನ ನಡುವೆ ನಿರ್ವಾತ, ಒಳಗಾಜಿನ ಮೇಲೆ ಬಿಸಿಲು ಹೀರುವ ಕಪ್ಪು ಲೇಪ. ಕೊಳವೆಯ ಮುಚ್ಚಿದ ತುದಿಯಲ್ಲಿ ಕನ್ನಡಿಯಂತೆ ಹೊಳೆಯುವುದು ಬೇರಿಯಂ ಪದರ. ಒಳಗೆ ಉಳಿದ, ಸೋರಿಬಂದ ಅನಿಲವನ್ನು ಅದು ಹೀರಿಕೊಳ್ಳುತ್ತಿರುತ್ತದೆ. ಬಿರುಕಿನಿಂದ ಗಾಳಿ ನುಗ್ಗಿದರೆ ಆ ಬೆಳ್ಳಿ ಬಣ್ಣ ಹಾಲಿನಂತೆ ಬಿಳಿಚಿಕೊಳ್ಳುತ್ತದೆ. ಸೋರಿದ ಗಾಳಿ ನೂರರಲ್ಲಿ ಒಂದೇ ಪಾಲಾದರೂ ಆ ಕೊಳವೆಯನ್ನು ಬದಲಾಯಿಸಲೇಬೇಕು.